ಕೊನೆಯ ಸಾಲು ಮರಳಿ ತಂದ ಮೆಷಿನ್ ಅತ್ತೆ

ಬೆಳಗಿನ ಐದೂವರೆ. ಅಂಧ ಮಕ್ಕಳ ಶಾಲೆಯ ನೆಲಮಾಳಿಗೆಯಲ್ಲಿ ಬ್ರೈಲ್ ಮುದ್ರಣ ಯಂತ್ರ ಕಟಕಟ ಸದ್ದು ಮಾಡುತ್ತ ದಪ್ಪ ಕಾಗದದ ಮೇಲೆ ಚುಕ್ಕಿ ಎಬ್ಬಿಸುತ್ತಿದೆ. ಪಕ್ಕದ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಐವತ್ತರ ಹೆಂಗಸು ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳುತ್ತಿಲ್ಲ. ಮಕ್ಕಳ ಬಾಯಲ್ಲಿ ಇವರು 'ಮೆಷಿನ್ ಅತ್ತೆ'. ನಾಳೆ ನಲವತ್ತೊಂದು ಮಕ್ಕಳಿಗೆ ಗಣಿತದ ಅಂತಿಮ ಪರೀಕ್ಷೆ. ಪ್ರಶ್ನೆಪತ್ರಿಕೆ ಇಂದು ಅಚ್ಚಾಗದಿದ್ದರೆ ಅವರೆಲ್ಲ ಇನ್ನೊಂದು ವರ್ಷ ಕಾಯಬೇಕು.

ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಇಪ್ಪತ್ತೆರಡು ವರ್ಷ. ಬರೆದುಕೊಟ್ಟ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ! ಕಳೆದ ವಾರ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಬಂತು, ಬರುವಾಗಲೇ, ಹೆಸರು ಹಿಡಿದು ಕರೆದರೆ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಿದ್ದ ಹಳೆಯ ಹನ್ನೆರಡು ಫಂಕ್ಷನ್‌ಗಳನ್ನು ಕಿತ್ತುಹಾಕಿತು. ತಂತ್ರಾಂಶ ಪಾಪ, ರೂಢಿಯಂತೆ ಅವನ್ನೇ ಕರೆಯಿತು, ಉತ್ತರ ಬಾರದೆ ಮಕಾಡೆ ಮಲಗಿತು.

"ಮನೆ ಬಿಟ್ಟು ಹೋದೋರನ್ನ ಕರೀತಾನೇ ಇದ್ರೆ ಯಾರು ಓಗೊಡ್ತಾರೆ ಹೇಳಿ? ಅದಕ್ಕೆ ಅದೇ ಹೆಸರಿನ ಒಬ್ಬಳನ್ನ ಬಾಗಿಲಲ್ಲಿ ಕೂರಿಸ್ತೀನಿ. ಕರೆದ್ರೆ ಅವಳು ಹೂಂ ಅಂತಾಳೆ, ಒಳಗಿನ ಹೊಸಬರ ಹತ್ರ ಕೆಲಸ ಮಾಡಿಸ್ಕೊಂಡು ಬರ್ತಾಳೆ" ಎಂದು ಅತ್ತೆ, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ. ಇಂಥ ಹನ್ನೆರಡು ಪುಟ್ಟ ಪ್ರೋಗ್ರಾಂಗಳನ್ನು ನಾಲ್ಕು ದಿನದಲ್ಲಿ ಬರೆದಿದ್ದಾರೆ. ಶಾಲೆಗೆ ಟೈಪಿಸ್ಟ್ ಆಗಿ ಸೇರಿದವರು, ಕೈಪಿಡಿ ಓದಿ ಓದಿಯೇ ಇದನ್ನೆಲ್ಲ ಕಲಿತವರು. "ನಮ್ಮನೆ ಅಡುಗೆಮನೆ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ವರ್ಷ ಆಯ್ತು, ಅದಕ್ಕೂ ಯಾರನ್ನಾದ್ರೂ ಕೂರಿಸು ಅಂತಾರೆ ನಮ್ಮನೆಯವರು."

ಮೊದಲ ಹಾಳೆಗಳು ಕರಡು ತಿದ್ದುವ ತಾತನ ಕೈಗೆ ಹೋಗುತ್ತವೆ. ಹುಟ್ಟಿನಿಂದ ಕಣ್ಣಿಲ್ಲದ ಅವರ ಬೆರಳು ಸರಸರನೆ ಇಳಿದು ಹಾಳೆಯ ಬುಡ ಮುಟ್ಟುವ ಮೊದಲೇ ನಿಲ್ಲುತ್ತದೆ. "ಕೊನೇ ಸಾಲು ಎಲ್ಲಿ ಹೋಯ್ತಮ್ಮಾ?" ಪ್ರತಿ ಪುಟದಲ್ಲೂ ಅದೇ ಕಥೆ, ಇಪ್ಪತ್ತೈದನೆಯ ಸಾಲೇ ಇಲ್ಲ.

ಅತ್ತೆಯ ಮುಖ ಸಣ್ಣಗಾಗುತ್ತದೆ. ಹಳೆಯ ಕೈಪಿಡಿ ತಿರುವುತ್ತಾರೆ, ಬೆರಳಲ್ಲಿ ಎಣಿಸುತ್ತಾರೆ, ಹಣೆ ಚಚ್ಚಿಕೊಳ್ಳುತ್ತಾರೆ. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದೆ! ಪುಟಕ್ಕೆ ಎಷ್ಟು ಸಾಲು ಅಂತ ಕೇಳಿದ್ರೆ ಹಳೇ ಫಂಕ್ಷನ್ ಇಪ್ಪತ್ತಾರು ಅಂತ ತಪ್ಪು ಹೇಳೋದು. ಅದು ಗೊತ್ತಿದ್ದ ತಂತ್ರಾಂಶ ಅದ್ರಲ್ಲಿ ಒಂದು ಕಳೆಯೋದು. ನಾನು ಮಹಾ ಜಾಣೆ, ಬಾಗಿಲಲ್ಲಿ ಕೂರಿಸಿದೋಳ ಬಾಯಲ್ಲಿ ಸರಿಯಾಗಿ ಇಪ್ಪತ್ತೈದು ಅನ್ನಿಸ್ದೆ. ತಂತ್ರಾಂಶ ಅದ್ರಲ್ಲೂ ಒಂದು ಕಳೀತು, ಇಪ್ಪತ್ನಾಲ್ಕೇ ಉಳೀತು."

ಈಗ ಮಾಡಬೇಕಾದ್ದು ಒಂದೇ, ಆ ತಪ್ಪನ್ನು ಬೇಕೆಂದೇ ಮತ್ತೆ ಹಾಕುವುದು. ಅತ್ತೆ ಒಂದು ಅಂಕಿ ಬದಲಿಸುತ್ತಾರೆ, ಯಂತ್ರ ಮತ್ತೆ ಕಟಕಟ ಎನ್ನುತ್ತದೆ. ತಾತನ ಬೆರಳು ಈ ಸಲ ಬುಡದವರೆಗೂ ಇಳಿದು, ಕೊನೆಯ ಲೆಕ್ಕವನ್ನು ಪೂರ್ತಿ ಓದುತ್ತದೆ. "ಅಬ್ಬಾ, ಇದು ನನಗೂ ಬರಲ್ಲ" ಎಂದು ತಾತ ಗಹಗಹಿಸಿ ನಗುತ್ತಾರೆ. ಖುಷಿಗೆ ನನ್ನ ಕಣ್ಣಲ್ಲೂ ನೀರು.

ಮುಂದಿನ ಆಸೆ ಏನೆಂದು ಕೇಳುತ್ತೇನೆ. ಅತ್ತೆ ಹಾಳೆಗಳ ಅಂಚು ಸಮ ಮಾಡುತ್ತ ಹೇಳುತ್ತಾರೆ: "ನಾಳೆ ಮಕ್ಕಳು ಹೊರಗೆ ಬರ್ತಾ ಮೆಷಿನ್ನನ್ನ ಅಲ್ಲ, ಲೆಕ್ಕದ ಮೇಷ್ಟ್ರನ್ನ ಚೆನ್ನಾಗಿ ಬೈಕೊಂಡು ಬರ್ಲಿ. ಅಷ್ಟು ಸಾಕು ನಂಗೆ."