ಲಕ್ಷ್ಮೀಕಾಂತರು ಟಿಗ್ ಮಿಷನ್ ಆರಿಸಲು ಹೋದದ್ದು

ಚಿಕ್ಕಜಾಜೂರು ಸ್ಟೇಷನ್ನಿನ ಕಿಟಕಿಯ ಹಿಂದೆ ಟಿಕೆಟ್ ಕೊಡುತ್ತಲೇ ತಲೆ ನರೆತ ಲಕ್ಷ್ಮೀಕಾಂತರಿಗೆ ವೆಲ್ಡಿಂಗ್ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ನಮ್ಮಂಥವರಿಗೆ ವಾಕಿಂಗೋ ಯೋಗಾಸನವೋ ಹತ್ತಿ, ವಾರದೊಳಗೆ ಇಳಿದೂ ಹೋಗುತ್ತದೆ. ಅವರದು ಇಳಿಯಲಿಲ್ಲ. ಹಿತ್ತಿಲಲ್ಲಿ ಒಂದು ಮಿಷನ್ ಇಟ್ಟುಕೊಂಡು ಸ್ಟೂಲು ಮಾಡಿದರು, ಗೇಟು ಮಾಡಿದರು. ಸ್ಟೂಲಿನ ಮೇಲೆ ಕೂತವರು ಗೋಡೆ ಹಿಡಿದುಕೊಳ್ಳಬೇಕಿತ್ತು. ಗೇಟನ್ನು ಎತ್ತಿ ತಳ್ಳಿದರೆ ಮಾತ್ರ ತೆರೆಯುತ್ತಿತ್ತು. ಆದರೂ ಡ್ಯೂಟಿ ಮುಗಿಸಿ ಬಂದು ಕಪ್ಪು ಗಾಜಿನ ಹೆಲ್ಮೆಟ್ ಹಾಕಿಕೊಂಡರೆ ದಿನವಿಡೀ ಕಿಟಕಿಯಲ್ಲಿ ಕೇಳಿದ ಬೈಗುಳವೆಲ್ಲ ವೆಲ್ಡಿಂಗಿನ ಬೆಳಕಿನಲ್ಲಿ ಸುಟ್ಟುಹೋಗುತ್ತಿತ್ತು.

ಹೋದ ವರ್ಷ ಅವರು ಕೌಂಟರಿನಲ್ಲೇ ಕುಸಿದು ಬಿದ್ದರು. ದಾವಣಗೆರೆಯಲ್ಲಿ ಎಡ ಭುಜದ ಕೆಳಗೆ, ಚರ್ಮದೊಳಗೆ ಪೇಸ್‌ಮೇಕರ್ ಕೂರಿಸಿದರು. ಬಿಡುಗಡೆಯ ದಿನ ಹೆಂಡತಿ ಉಷಾರಾಣಿ ಔಷಧಿಗೆಂದು ಕೆಳಗಿಳಿದಿದ್ದಾಗ ಡಾಕ್ಟರು, ಇನ್ನು ವೆಲ್ಡಿಂಗ್ ಬೇಡ, ಆ ಕರೆಂಟಿಗೆ ಒಳಗಿನ ಯಂತ್ರ ತಾಳ ತಪ್ಪಬಹುದು, ಜೀವಕ್ಕೇ ಕಷ್ಟ ಎಂದರು. ಲಕ್ಷ್ಮೀಕಾಂತರು ತಲೆಯಾಡಿಸಿದರು. ಆ ಮಾತನ್ನು ಮಾತ್ರ ಮನೆಗೆ ತರಲಿಲ್ಲ.

ಮನೆಯಲ್ಲಿ ಮಲಗಿ, ಫೋನಿನಲ್ಲಿ ವಿಡಿಯೊ ನೋಡುತ್ತ ಬೇರೊಂದು ದಾರಿ ಹುಡುಕಿದರು. ತೆಳು ಸ್ಟೀಲಿಗೆ ಕಡಿಮೆ ಕರೆಂಟು ಸಾಕಾಗುವ, ಟಿಗ್ ಎಂಬ ಬಗೆಯ ವೆಲ್ಡಿಂಗ್ ಮಿಷನ್ ಕೊಂಡರಾಯಿತು. ಅದರಲ್ಲೂ ಎರಡು ಬಗೆ. ಒಂದರಲ್ಲಿ ಗುಂಡಿ ಒತ್ತಿದರೆ ಹೈ ಫ್ರೀಕ್ವೆನ್ಸಿ ಕರೆಂಟು ಲೋಹವನ್ನು ಮುಟ್ಟಿಸದೆಯೇ ತಾನೇ ಬೆಂಕಿ ಹಚ್ಚುತ್ತದೆ. ಇನ್ನೊಂದರಲ್ಲಿ ಹಿಡಿಕೆಯ ತುದಿಯ ಸೂಜಿಯನ್ನು ಲೋಹಕ್ಕೆ ಮುಟ್ಟಿಸಿ ಎತ್ತಬೇಕು. ಹೀಗೆ ಮುಟ್ಟಿಸಿ ಎತ್ತುವುದರಲ್ಲಿ ಹೈ ಫ್ರೀಕ್ವೆನ್ಸಿ ಇಲ್ಲ, ಆದ್ದರಿಂದ ಅಪಾಯವೂ ಇಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಡಾಕ್ಟರನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ.

ಗಂಡನ ಮುಖದಲ್ಲಿ ಕಳೆ ಮರಳಿದ್ದು ಕಂಡು, ಚಿತ್ರದುರ್ಗದಲ್ಲಿ ವೆಲ್ಡಿಂಗ್ ಮಿಷನ್ ಮಾರುವ ಜಮೀರ್ ಅವರ ಅಂಗಡಿಗೆ ಉಷಾರಾಣಿಯೂ ಹೊರಟರು. ಜಮೀರ್ ಅಜ್ಜನ ಕಾಲದಿಂದ ಕಬ್ಬಿಣದ ಕೆಲಸದವರು. ಸಾವಧಾನವಾಗಿ ಬಿಡಿಸಿ ಹೇಳಿದರು: ಮನೆಯ ಸಿಂಗಲ್ ಫೇಸಿಗೆ ಚಿಕ್ಕ ಮಿಷನ್ ಸಾಕು, ಗ್ಯಾಸ್ ಸಿಲಿಂಡರ್ ಬೇರೆ ಬೇಕು, ಸ್ಟೀಲಿಗೆ ಡಿಸಿ ಕರೆಂಟು ನಡೆಯುತ್ತದೆ, ಅಲ್ಯೂಮಿನಿಯಂ ಆಸೆಯಿದ್ದರೆ ಮಾತ್ರ ಎಸಿ. ಕೊನೆಗೆ ಹೈ ಫ್ರೀಕ್ವೆನ್ಸಿಯದನ್ನು ಮುಂದಿಟ್ಟು ಸ್ವಿಚ್ ಹಾಕಿದರು. ಲಕ್ಷ್ಮೀಕಾಂತರು ಬೇಡವೆಂದರು. ಸುಲಭವಾಗಿ ಹತ್ತುತ್ತದೆ ಎಂದರೂ ಬೇಡ, ಸೂಜಿ ಕೆಡುವುದಿಲ್ಲ ಎಂದರೂ ಬೇಡ.

“ಹೊಸಬ್ರೆಲ್ಲ ಇದನ್ನೇ ಕೇಳ್ತಾರೆ ಸಾರ್. ನೀವ್ಯಾಕ್ ಇಷ್ಟು ಹೆದರ್ತೀರಿ?” ಎಂದರು ಜಮೀರ್. ಗಿರಾಕಿಯ ಕೈ ತಾನಾಗಿ ಎಡ ಭುಜದ ಕೆಳಗೆ ಹೋದದ್ದನ್ನು ನೋಡಿ ದನಿ ತಗ್ಗಿಸಿದರು. “ಎದೇಲಿ ಮಿಷನ್ ಏನಾರ ಐತಾ ಸಾರ್?”

ಲಕ್ಷ್ಮೀಕಾಂತರು ಇಲ್ಲ ಎನ್ನುವಷ್ಟರಲ್ಲಿ ಉಷಾರಾಣಿ ಹೌದೆಂದಿದ್ದರು.

ಜಮೀರ್ ಸ್ವಿಚ್ ಆರಿಸಿದರು. ಯಾವ ಬಗೆಯಲ್ಲಿ ಹಚ್ಚಿದರೂ ಕೇಬಲಿನಲ್ಲಿ ಕರೆಂಟು ಹರಿದೇ ಹರಿಯುತ್ತದೆ, ಡಾಕ್ಟರು ಒಪ್ಪದೆ ತಾನು ಮಾರುವುದಿಲ್ಲ ಎಂದರು.

“ಡಾಕ್ಟ್ರು ಏನಂದಿದ್ರು ರೀ?” ಉಷಾರಾಣಿ ಕೇಳಿದರು.

“ಬ್ಯಾಡ ಅಂದಿದ್ರು.”

“ನನ್ಗ್ಯಾಕ್ ಹೇಳ್ಲಿಲ್ಲ?”

“ನಿನ್ಗೆ ಹೇಳಿದ್ರೆ ಅಲ್ಲಿಗೆ ಮುಗೀತಿತ್ತು ಉಷಾ.”

ಆಕೆ ದುಡ್ಡಿದ್ದ ಬ್ಯಾಗಿನ ಜಿಪ್ಪು ಎಳೆದರು. ಬೈದಿದ್ದರೆ ವಾಸಿಯಿತ್ತು. ಲಕ್ಷ್ಮೀಕಾಂತರು, ಕೊಳ್ಳುವುದಿಲ್ಲ, ಒಂದು ಸಲ ನಡೆಸಿ ತೋರಿಸಿ ಎಂದರು. ಜಮೀರ್ ಯೋಚಿಸಿ, ಹೆಲ್ಮೆಟ್ ಕೊಟ್ಟು, ರಸ್ತೆಯಾಚೆ ನಿಂತು ನೋಡಿ ಎಂದರು.

ಹೀಗೆ ಹಾಡಹಗಲಲ್ಲಿ, ಕಬ್ಬಿನ ಹಾಲಿನ ಗಾಡಿಯ ಪಕ್ಕ, ವೆಲ್ಡಿಂಗ್ ಹೆಲ್ಮೆಟ್ ಹಾಕಿಕೊಂಡು ರೈಲ್ವೆ ನೌಕರರೊಬ್ಬರು ನಿಂತರು. ಯಾವ ಪಾರ್ಟಿಯ ಪ್ರಚಾರವೆಂದು ಗಾಡಿಯವನು ಉಷಾರಾಣಿಯನ್ನು ವಿಚಾರಿಸಿದ. ಕಪ್ಪು ಗಾಜಿನೊಳಗೆ ಊರೇ ಇರಲಿಲ್ಲ. ಆಮೇಲೆ ದೂರದಲ್ಲಿ ಒಂದು ಹಸಿರು ಚುಕ್ಕಿ ಹೊತ್ತಿ, ಕಿಡಿ ಹಾರಿಸದೆ, ಒಂದೇ ಸಮನೆ ಮುಂದೆ ನಡೆಯಿತು. ಅಷ್ಟು ನೆಟ್ಟಗೆ ತಾವು ಎಂದೂ ಬೆಸುಗೆಯ ಗೆರೆ ಎಳೆಯುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಚುಕ್ಕಿ ಆರಿದ ಮೇಲೂ ಅವರು ಹೆಲ್ಮೆಟ್ ತೆಗೆಯಲಿಲ್ಲ. ಉಷಾರಾಣಿ ಪಕ್ಕಕ್ಕೆ ಬಂದು ಕೈ ಚಾಚಿದರು.

“ಇಲ್ಲಿ ಕೊಡ್ರಿ,” ಎಂದರು. “ನಾನೂ ನೋಡ್ತೀನಿ.”

ಆಕೆ ಅದನ್ನು ಹಾಕಿಕೊಂಡು ಅಂಗಡಿಯತ್ತ ಮುಖ ಮಾಡಿದರು. ಲಕ್ಷ್ಮೀಕಾಂತರು ಇನ್ನೊಮ್ಮೆ ಎಂದು ಜಮೀರ್ ಅವರಿಗೆ ಕೈಸನ್ನೆ ಮಾಡಿ, ಬರಿಗಣ್ಣಲ್ಲಿ ನೋಡಬಾರದೆಂದು, ಬೆಳಕಿಗೆ ಬೆನ್ನು ಮಾಡಿ ನಿಂತರು.