‘ಏನೂ ಆಗಲ್ಲ’ ಎನ್ನದ ಟೀಚರಮ್ಮ

ಟೀಚರಮ್ಮನ ಬಲಗೈ ಸದಾ ನಡುಗುತ್ತಿತ್ತು. ಕಾಫಿ ಕೊಟ್ಟರೆ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿಹಿಡಿದು ಕುಡಿಯುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತಾಗಲೂ ಆ ನಡುಕ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಒಂದೊಂದೇ ಗುಂಡಿಯನ್ನು ನೋಡಿ ನೋಡಿ ಒತ್ತುತ್ತಿದ್ದರು.

ಅವರು ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಚಾಂಪಿಯನ್ ರೀಫ್ಸ್‌ನಲ್ಲಿ, ಚಿನ್ನದ ಗಣಿ ಕೆಲಸಗಾರರ ಲೈನು ಮನೆಯಲ್ಲಿ ತಾಯಿಯ ಜೊತೆ ಇದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ. ನನ್ನ ಯಜಮಾನರು ಅವರ ಬಳಿಯೇ ಕಲಿತು, ಬಂಗಾರಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ ಅಚ್ಚು ಜೋಡಿಸುತ್ತಿದ್ದರು. ತೊಂಬತ್ತರ ದಶಕದ ಮಾತು. ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಆ ಪೆಟ್ಟಿಗೆ ಇರಲಿಲ್ಲ.

ವೈರಸ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಕಂಪ್ಯೂಟರಿನಿಂದಲ್ಲ, ಆಸ್ಪತ್ರೆಯಲ್ಲಿ. ನಮ್ಮ ದೊಡ್ಡ ಮಗಳಿಗೆ ಜ್ವರ ಬಂದು ಮೈ ಸೆಟೆದುಕೊಂಡಾಗ ಡಾಕ್ಟರು, “ವೈರಸ್ಸು, ಮಿದುಳಿಗೆ ಹತ್ತಿದೆ” ಎಂದಿದ್ದರು. ಅವಳು ಉಳಿಯಲಿಲ್ಲ. ಇನ್ನೂ ಶಾಲೆಗೆ ಸೇರಿಸಿರಲಿಲ್ಲ.

ಎರಡನೆಯವಳು ಹುಟ್ಟಿ ತೊಟ್ಟಿಲಲ್ಲಿದ್ದ ಕಾಲ. ಒಂದು ಮಧ್ಯಾಹ್ನ ಯಜಮಾನರು ಯಾರದೋ ಲಗ್ನಪತ್ರಿಕೆಯ ಕೆಲಸದಲ್ಲಿದ್ದರು. ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕಳಚಿ ಉದುರತೊಡಗಿದವು. ಸುಣ್ಣದ ಗೋಡೆ ಚಕ್ಕೆ ಕಳಚಿದ ಹಾಗೆ ಉದುರಿ, ಕೆಳಗೆ ರಾಶಿ ಬಿದ್ದವು. ಯಜಮಾನರ ಮುಖ ಬಿಳಿಚಿಕೊಂಡಿತು.

“ವೈರಸ್ ಬಂದದೆ” ಎಂದರು.

ನಾನು ತೊಟ್ಟಿಲಿನಿಂದ ಮಗುವನ್ನು ಕಿತ್ತುಕೊಂಡು ಬೀದಿಗೆ ಓಡಿದೆ. ಕಾಲಿಗೆ ಚಪ್ಪಲಿಯೂ ಇರಲಿಲ್ಲ.

ಬಜಾರಿನಿಂದ ರಿಪೇರಿಯವನು ಬಂದು ನೋಡಿದ. “ಎಲ್ಲಾ ಅಳಿಸ್ಬಿಟ್ಟು ಹೊಸದಾಗಿ ಹಾಕ್ಬೇಕು ಸಾರ್” ಎಂದ. ಅದಕ್ಕೆ ಯಜಮಾನರು ಒಪ್ಪಲಿಲ್ಲ. ಆ ಪೆಟ್ಟಿಗೆಯೊಳಗೆ ದೊಡ್ಡವಳು ಬಿಡಿಸಿದ ಒಂದು ಚಿತ್ರವಿತ್ತು. ಅಪ್ಪನ ತೊಡೆಯ ಮೇಲೆ ಕೂತು ಮೌಸ್ ಎಳೆದಾಡಿ ಬಿಡಿಸಿದ ಕೋಳಿ. ಕೋಳಿ ಎಂದು ಅವಳು ಹೇಳಿದ್ದರಿಂದ ಕೋಳಿ. ಕಾಗದಕ್ಕೆ ಇಳಿಸೋಣ, ಇಳಿಸೋಣ ಎನ್ನುತ್ತಲೇ ಇಳಿಸಿರಲಿಲ್ಲ. ಅವಳ ಕೈಯಿಂದ ಆದದ್ದರಲ್ಲಿ ನಮ್ಮಲ್ಲಿ ಉಳಿದಿದ್ದು ಅದೊಂದೇ.

ಯಜಮಾನರು ಹೇಳಿಕಳಿಸಿದ್ದಕ್ಕೆ ಮಾರನೆಯ ದಿನ ಟೀಚರಮ್ಮ ರೈಲಿನಲ್ಲಿ ಬಂದರು. ನಾನು ಮಗುವನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿನಿಂದ ಅತ್ತೆ, “ಆ ಪೆಟ್ಟಿಗೆ ತಾವ ಮಗೀನ ತರಬ್ಯಾಡ ಕಣೆ” ಎನ್ನುತ್ತಲೇ ಇದ್ದರು.

“ಟೀಚರಮ್ಮ, ಇದು ಮಗೀಗೆ ತಗಲ್ತದಾ?” ಎಂದು ಕೇಳಿದೆ.

ಯಜಮಾನರು ನಾಚಿಕೊಂಡು ಆಚೆ ನೋಡಿದರು. ಟೀಚರಮ್ಮ ನಗಲಿಲ್ಲ. ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

“ತಗಲಲ್ಲಮ್ಮ. ಅದು ಮನುಷ್ಯರೇ ಬರೆದು ಬಿಟ್ಟಿರೋದು. ನಾವು ಹಾಕಿ ತೆಗೆಯೋ ಫ್ಲಾಪಿ ಮೇಲೆ ಕೂತು ಮಿಷನ್ನಿಂದ ಮಿಷನ್ನಿಗೆ ಹೋಗುತ್ತೆ, ಮೈಗೆ ಬರಲ್ಲ. ಯಾರೋ ಪಾಪಿ ಆ ಹೆಸರಿಟ್ಟುಬಿಟ್ಟ. ಮಗೂಗೆ ತಗಲಲ್ಲ ಅನ್ನೋದು ನನಗೆ ಖಂಡಿತ ಗೊತ್ತು. ಚಿತ್ರ ಉಳಿಯುತ್ತಾ ಅಂತ ಗೊತ್ತಿಲ್ಲ. ನನಗೂ ಭಯವೇ.”

ಒಳಗೆ ಹೋಗಿ ಮೊದಲು ಕಂಪ್ಯೂಟರ್ ಪೂರ್ತಿ ಆರಿಸಿದರು. ತಾವು ತಂದ ಶುದ್ಧವಾದ ಫ್ಲಾಪಿ ಹಾಕಿ ಅದರಿಂದಲೇ ಹೊತ್ತಿಸಿದರು. ಹಾಗೆ ಮಾಡಿದರೆ ಒಳಗಿರುವ ವೈರಸ್ ಏಳುವುದಿಲ್ಲವಂತೆ. ಮೊದಲು ಚಿತ್ರವನ್ನು ಬೇರೆ ಫ್ಲಾಪಿಗೆ ತೆಗೆದುಕೊಳ್ಳುವುದು, ಆಮೇಲೆ ವೈರಸ್ ತೆಗೆಯುವುದು ಎಂದರು. ಮಣಿಕಟ್ಟು ಹಿಡಿದುಕೊಂಡು ಗುಂಡಿ ಒತ್ತಿದರು. ಪೆಟ್ಟಿಗೆಯೊಳಗೆ ಏನೋ ಕೆರೆಯುವ ಸದ್ದಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಯಜಮಾನರು ಗೋಡೆಗೆ ಹಣೆ ಒತ್ತಿ ನಿಂತರು. ಬಾಗಿಲಲ್ಲಿದ್ದ ನಾನು ತಡೆಯಲಾಗದೆ, “ಏನೂ ಆಗಲ್ಲ ಅಂತ ಹೇಳಿ ಟೀಚರಮ್ಮ” ಎಂದೆ.

ಅವರು ಹೇಳಿದರು: “ಅದೊಂದು ಮಾತ್ರ ಹೇಳಲ್ಲಮ್ಮ. ನಾನು ಚಿಕ್ಕವಳಿದ್ದಾಗ ಒಂದು ದಿನ ಗಣಿಯಲ್ಲಿ ಬಂಡೆ ಸಿಡಿದು ನೆಲ ಅದುರಿ ಗೂಡಿನ ಪಾತ್ರೆಯೆಲ್ಲ ಬಿತ್ತು. ಅಪ್ಪ ಗಣಿ ಒಳಗಿದ್ರು. ಅಮ್ಮ, ನಾನು ಗಣಿ ಬಾಯಿಗೆ ಓಡಿದ್ವಿ. ಅಲ್ಲಿದ್ದೋರೆಲ್ಲ ಏನೂ ಆಗಲ್ಲ, ಏನೂ ಆಗಲ್ಲ ಅಂದ್ರು. ಸಾಯಂಕಾಲದ ತನಕ ಅಂದ್ರು. ಅಪ್ಪನ್ನ ಬಟ್ಟೆ ಮುಚ್ಚಿ ಮೇಲೆ ತಂದಾಗ್ಲೂ ಯಾರೋ ಒಬ್ಬರು ಅಂತಾನೇ ಇದ್ರು. ಈ ಕೈ ಅವತ್ತಿಂದ ಹೀಗೆ.” ಕುರ್ಚಿಯಿಂದೆದ್ದು ನೆಲದ ಮೇಲೆ ಕೂತು, “ನೀವು ಹೆದ್ರಿಕೊಳ್ಳಿ. ನಾನೂ ಹೆದ್ರಿಕೊಂಡಿದ್ದೀನಿ. ಕರೆಂಟ್ ಬರೋ ತನಕ ಒಟ್ಟಿಗೆ ಕೂತಿರೋಣ” ಎಂದರು.

ಮೂವರೂ ಕೂತೆವು. ಮಗು ನನ್ನ ಮಡಿಲಲ್ಲಿ ನಿದ್ದೆಹೋಯಿತು. ಯಾವಾಗ ಒಳಗೆ ಬಂದು ಕೂತೆನೋ ನನಗೇ ತಿಳಿಯದು.

ಕರೆಂಟು ಬಂದ ಮೇಲೆ ಎಲ್ಲವನ್ನೂ ಮೊದಲಿನಿಂದ ಮಾಡಿದರು. ಚಿತ್ರ ಫ್ಲಾಪಿಗೆ ಇಳಿಯಿತು. ಬಳಿಕ ವೈರಸ್ ತೆಗೆಯುವ ಪ್ರೋಗ್ರಾಂ ಓಡಿಸಿದರು. ಅದು ಒಂದೊಂದೇ ಫೈಲ್ ಹೊಕ್ಕು ನೋಡಿ, ಕೆಟ್ಟದ್ದು ಸಿಕ್ಕಾಗಲೆಲ್ಲ ಕೀಕ್ ಎನ್ನುತ್ತಿತ್ತು. ಪ್ರತಿ ಕೀಕಿಗೂ ನಾನು ಮಗುವನ್ನು ಇನ್ನಷ್ಟು ಅವಚಿಕೊಳ್ಳುತ್ತಿದ್ದೆ. ಸಂಜೆಯಾಗುವಾಗ ಸದ್ದು ನಿಂತಿತು. ಯಜಮಾನರ ಫ್ಲಾಪಿಗಳನ್ನೂ ಬಿಡದೆ ಅದೇ ಪ್ರೋಗ್ರಾಂನಿಂದ ಶುದ್ಧ ಮಾಡಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದರು. ಅಕ್ಷರಗಳು ಇದ್ದಲ್ಲೇ ನಿಂತವು. ಚಿತ್ರ ತೆರೆದರು. ಹಳದಿ ಕೋಳಿ, ಅದಕ್ಕೆ ನಾಲ್ಕು ಕಾಲು. ಯಜಮಾನರು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ವರ್ಷ ತುಂಬುವ ಮೊದಲೇ ಚಿಕ್ಕವಳಿಗೂ ಜ್ವರ ಬಂತು. ಆಸ್ಪತ್ರೆಯಲ್ಲಿ ಮತ್ತೆ ಅದೇ ಮಾತು ಹೇಳಿದರು, ವೈರಸ್ಸು. ಯಜಮಾನರು ಯಾರಿಗೆ ಫೋನು ಮಾಡಿದರೋ ಗೊತ್ತಿಲ್ಲ, ಟೀಚರಮ್ಮ ಕ್ಲಾಸು ಬಿಟ್ಟು ಓಡಿಬಂದರು. ಬೆಂಚಿನ ಮೇಲೆ ನನ್ನ ಪಕ್ಕ ಕೂತು, ತಮ್ಮ ಕೈಯನ್ನು ನನ್ನ ಕೈಯೊಳಗೆ ಇಟ್ಟರು. ಆ ನಡುಕ ಯಾರದು ಎಂದು ಬೇರೆ ಮಾಡಿ ಹೇಳಲಾಗದಂತೆ ಹಾಗೇ ಕೂತಿದ್ದೆವು. ಟೀಚರಮ್ಮ ಸಮಾಧಾನದ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಲೂ ಇಲ್ಲ. ಎರಡನೆಯ ದಿನ ಜ್ವರ ಇಳಿಯಿತು. ಆಮೇಲೆಯೇ ಅವರು ರೈಲು ಹತ್ತಿದ್ದು.

ಮಗಳು ಶಾಲೆಗೆ ಸೇರಿದ ವರ್ಷ ಟೀಚರಮ್ಮ ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ನಾವು ಚಾಂಪಿಯನ್ ರೀಫ್ಸ್‌ಗೆ ಹೋದಾಗ ಓಣಿಯ ತುಂಬ ಅವರ ವಿದ್ಯಾರ್ಥಿಗಳು. ತಾಯಿ ಗೋಡೆಗೆ ಒರಗಿ ಕೂತಿದ್ದರು. ನಾನು ಅವರನ್ನು ಮೊದಲ ಸಲ ನೋಡುತ್ತಿದ್ದೆ. ಬಂಗಾರಪೇಟೆಯವರು ಎಂದು ಯಾರೋ ಹೇಳಿದ್ದೇ ತಡ, ನನ್ನ ಸೆರಗು ಹಿಡಿದುಕೊಂಡರು.

“ಕೊಳಂದ ನಲ್ಲಾ ಇರುಕ್ಕಾ?” ಎಂದು ಕೇಳಿದರು. ಮಗು ಚೆನ್ನಾಗಿದೆಯಾ ಎಂದು. ಆ ಜ್ವರದ ವಿಷಯ ಟೀಚರಮ್ಮ ಮನೆಯಲ್ಲಿ ಹೇಳಿದ್ದಿರಬೇಕು.

ತಮ್ಮ ಮಗಳು ಒಳಗೆ ಚಾಪೆಯ ಮೇಲೆ ಮಲಗಿರುವಾಗ ಆ ತಾಯಿ ನನ್ನ ಮಗಳನ್ನು ವಿಚಾರಿಸಿದರು. ಹಿಂದೆ ಅವಿತಿದ್ದ ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿದೆ. ಮುದುಕಿ ಅವಳ ಹಣೆ ಮುಟ್ಟಿದರು, ಕತ್ತು ಮುಟ್ಟಿದರು, ಬಿಸಿಯಿಲ್ಲವೆಂದು ಖಾತ್ರಿಯಾದ ಮೇಲೆ ಕೈ ತೆಗೆದು, ಅಳತೊಡಗಿದರು.