ಕಿಕ್ ಹೊಡೆಯಬಾರದು

ನಮ್ಮ ಮನೆಯ ನಾಲ್ಕು ಚಕ್ರದ ಗಾಡಿಯನ್ನು ನೋಡಿ ಕಟ್ಟೆಮಳಲವಾಡಿಯಲ್ಲಿ ನಗದವರಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಹಳೇ ಟೂ ಸ್ಟ್ರೋಕ್ ಬೈಕೊಂದರ ಇಂಜಿನ್ ಬಿಚ್ಚಿ, ಹುಣಸೂರಿನಲ್ಲಿ ಕಬ್ಬಿಣದ ಫ್ರೇಮ್ ವೆಲ್ಡಿಂಗ್ ಮಾಡಿಸಿ, ಅದರ ಮೇಲೆ ಕೂರಿಸಿದ್ದರು. ಹೊಲದಲ್ಲಿ ಕಿತ್ತ ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್ನಿಗೆ ತಂದು ಹಾಕುವುದೇ ಅದರ ಕೆಲಸ. ಭಾರ ಚೆನ್ನಾಗಿ ಎಳೆಯಲಿ ಎಂದು ಇಂಜಿನ್ನಿನ ಹೆಡ್ಡನ್ನು ಲೇತಿಗೆ ಕೊಟ್ಟು ಸವೆಸಿ ಒಳಗಿನ ಒತ್ತಡ, ಅದೇ ಕಂಪ್ರೆಷನ್, ಏರಿಸಿದ್ದರು. ಎಳೆಯುತ್ತಿತ್ತು, ಇಲ್ಲ ಅನ್ನಬಾರದು. ಆದರೆ ಸ್ಟಾರ್ಟ್ ಮಾಡಲು ಹೋದವರನ್ನು ಕಿಕ್ಕರ್ ಕೊಬ್ಬಿದ ಎಮ್ಮೆಯ ಹಾಗೆ ವಾಪಸ್ ಒದೆಯುತ್ತಿತ್ತು.

ಅದನ್ನು ಓಡಿಸುತ್ತಿದ್ದವಳು ನಾನು. ಯಜಮಾನರು ಬ್ಯಾರನ್ನಿನ ಬೆಂಕಿ ಬಿಟ್ಟು ಕದಲುವಂತಿರಲಿಲ್ಲ. ಮನೆಯ ಮುಂದೆ ಸ್ಟಾರ್ಟ್ ಮಾಡಿಕೊಡುವುದು ಮೈದುನನ ಪಾಲು. ಹೊಲದಲ್ಲಿ ಆಫ್ ಆದರೆ ನನ್ನ ಪಾಲು. ಆ ಗಾಡಿ ಬರುವ ಮುಂಚೆ ಕೆರೆಯಂಚಿನ ಹೊಲದಿಂದ ಸೊಪ್ಪಿನ ಹೊರೆಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವಳೂ ನಾನೇ. ಮೊದಲ ದಿನ ಸ್ಟೇರಿಂಗ್ ಹಿಡಿದಾಗಲೇ ಇನ್ನು ಈ ಜನ್ಮಕ್ಕೆ ಹೊರೆ ಹೊರುವುದಿಲ್ಲ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಆ ವರ್ಷ ಕಿಕ್ಕರಿನ ಬುಡದ ಹಲ್ಲುಚಕ್ರ, ಕಿಕ್ ಗೇರ್, ಮುರಿಯಿತು. ಹೊಸದು ಹಾಕಿಸಿ ತಿಂಗಳು ತುಂಬುವಷ್ಟರಲ್ಲಿ ಮತ್ತೆ ಮುರಿಯಿತು. ಎರಡು ಸಲವೂ ಅದು ಮೈದುನನ ಕಾಲ ಕೆಳಗೇ ಕಟ್ ಎಂದದ್ದು. ಅವನು ಇಡೀ ಮೈಯೆತ್ತಿ ನೆಗೆದು ಕಿಕ್ ಹೊಡೆಯುವ ಆಸಾಮಿ. ಆದರೂ ತಪ್ಪು ನನ್ನ ತಲೆಗೇ ಬಂತು. ಹೊಲದಲ್ಲಿ ನಾನು ಅರೆಬರೆ ಕಿಕ್ ಹೊಡೆದು ಸಡಿಲ ಮಾಡಿಟ್ಟಿದ್ದೆನಂತೆ, ಪಾಪ, ಅವನ ಕಾಲಿಗೆ ಬಂದು ಮುರಿಯಿತಂತೆ. ಗಾಡಿಯಿಲ್ಲದೆ ಕಿತ್ತ ಸೊಪ್ಪು ಹೊಲದಲ್ಲೇ ಬಿಸಿಯೇರಿ ಕೆಟ್ಟಿತ್ತು. ಮಾವ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು:

"ಇನ್ನೊಂದ್ಸಲ ಮುರುದ್ರೆ ಗುಜರಿಗೆ ಹಾಕದೇ ಕಣವ್ವ. ಮೊದ್ಲಂಗೆ ತಲೆ ಮೇಲೆ ಹೊತ್ರಾಯ್ತು."

ಯಾರ ತಲೆ ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ಇನ್ಯಾರೂ ತಮ್ಮ ತಲೆ ಮುಟ್ಟಿ ನೋಡಿಕೊಳ್ಳಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಬಿಳಿಕೆರೆಯ ಮೆಕ್ಯಾನಿಕ್ ಹತ್ತಿರ ಯಜಮಾನರ ಜೊತೆ ನಾನೂ ಹೊರಟೆ, ಬೇಡ ಅಂದರೂ ಕೇಳಲಿಲ್ಲ. ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಗೇರನ್ನು ಹೊರಗಿಟ್ಟಾಗ ಎತ್ತಿ ನೋಡಿದೆ. ಹಲ್ಲುಗಳು ಒಂದು ಅಂಚಿನಲ್ಲಷ್ಟೇ ಚಕ್ಕೆಯೆದ್ದಿದ್ದವು, ಉಳಿದ ಭಾಗ ಹೊಸದರಂತೆ ಹೊಳೆಯುತ್ತಿತ್ತು. ಹೀಗೇಕೆ ಎಂದು ಕೇಳಿದೆ. ಗೇರ್ ಜಾರಿಕೊಂಡು ಬಂದು ಪೂರ್ತಿ ಕಚ್ಚುವ ಮೊದಲೇ ಹೊಡೆದರೆ ಅಷ್ಟೂ ಏಟು ಅಂಚಿಗೇ ಬೀಳುತ್ತದೆ, ಮೇಲೆ ಈ ಕಂಪ್ರೆಷನ್ ಬೇರೆ ವಾಪಸ್ ಒದೆಯುತ್ತದೆ ಎಂದರು.

ಹೊಡೆದರೆ! ಆ ಮಾತು ನನಗೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಸರಗೂರಿನ ತವರಲ್ಲಿ ನಾನು ಹೊಲಿಗೆ ಮಿಷಿನ್ ಕಲಿತವಳು. ಮಿಷಿನ್ನನ್ನು ತುಳಿಯುತ್ತೇವೆ, ಸೈಕಲ್ಲನ್ನು ತುಳಿಯುತ್ತೇವೆ. ಕಿಕ್ಕನ್ನು ಮಾತ್ರ ನಮ್ಮ ಕಡೆ ಎಲ್ಲರೂ ಹೊಡೆಯುತ್ತಾರೆ. ಬಾಯಿ ಹೊಡಿ ಅಂದರೆ ಕಾಲು ಇನ್ನೇನು ಮಾಡೀತು?

ಹೆಡ್ಡಿಗೆ ದಪ್ಪ ಪ್ಯಾಕಿಂಗ್ ಹಾಕಿ ಕಿಡಿ ಹಾರುವ ಟೈಮಿಂಗ್ ಒಂಚೂರು ಹಿಂದಕ್ಕೆ ತಂದರೆ ಒದೆತ ತಗ್ಗುತ್ತದೆ, ಆದರೆ ಎಳೆತವೂ ಸ್ವಲ್ಪ ತಗ್ಗುತ್ತದೆ ಎಂದರು ಮೆಕ್ಯಾನಿಕ್. ಯಜಮಾನರ ಮುಖ ಸಣ್ಣಗಾಯಿತು.

"ತಗ್ಗಿದ್ರೆ ತಗ್ಲಿ ಬುಡಿ," ಅಂದೆ. "ಹೊಲ ಎಲ್ಲಿಗೂ ಓಡೋಗಾಕಿಲ್ಲ."

ಮಾರನೆಯ ಬೆಳಿಗ್ಗೆ ಮೈದುನ ಲುಂಗಿ ಎತ್ತಿ ಕಟ್ಟಿಕೊಂಡು ಗಾಡಿಯ ಹತ್ತಿರ ಬಂದ. ನಾನು ಅಡ್ಡ ನಿಂತೆ. ಜಗಲಿಯಲ್ಲಿದ್ದ ಮಾವನಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ: "ಇವತ್ನಿಂದ ಇದರ ಕಿಕ್ ಮೇಲೆ ನನ್ನ ಕಾಲು ಬುಟ್ಟು ಇನ್ಯಾರ ಕಾಲೂ ಬೀಳಕೂಡ್ದು. ಆಮ್ಯಾಕೂ ಮುರುದ್ರೆ ಗುಜರಿಗೆ ಹಾಕಿ ಮಾವ, ನಾನೇ ಹೊರೆ ಹೊರ್ತೀನಿ."

ಸೀರೆ ಎತ್ತಿ ಸಿಕ್ಕಿಸಿಕೊಂಡು ಕಿಕ್ಕರನ್ನು ಮೆಲ್ಲಗೆ ಒತ್ತಿದೆ. ಗೇರಿನ ಹಲ್ಲು ಕಚ್ಚಿದ್ದು ಪಾದಕ್ಕೆ ಗೊತ್ತಾಯಿತು. ಕಂಪ್ರೆಷನ್ ಅಡ್ಡ ಬರುವ ತನಕ ಇಳಿಸಿ, ಮೇಲೆ ತಂದು, ಮತ್ತೆ ಕಚ್ಚಿಸಿ, ನಡುವೆ ಎಲ್ಲೂ ಕಾಲು ಸಡಿಲಿಸದೆ ತಳದವರೆಗೆ ತುಳಿದೆ. ಸ್ಟಾರ್ಟ್ ಆಗಲಿಲ್ಲ. ಮೈದುನ ಕಿಸಕ್ಕೆಂದ. ನಾನು ತಿರುಗಿ ನೋಡದೆ ಮತ್ತೆ ಅದೇ ರೀತಿ ತುಳಿದೆ. ಇಂಜಿನ್ ಹೊಗೆಯುಗುಳಿ ಗುಡುಗಿತು. ಅವನ ಮುಖದ ಮೇಲೇ ಹೋಯಿತು ಹೊಗೆ, ಹೋಗಲಿ ಅಂತಲೇ ಬಿಟ್ಟೆ.

ಬಿಳಿಕೆರೆಯಲ್ಲಿ ಹಾಕಿಸಿದ ಆ ಹೊಸ ಗೇರ್ ಸೊಪ್ಪಿನ ಕಾಲ ಮುಗಿಯುವವರೆಗೂ ಮುರಿಯಲಿಲ್ಲ. ಕೊನೆಯ ಕೊಯ್ಲಿನ ಹೊತ್ತಿಗೆ ಒಂದು ದಿನ ಮೋಡ ಕವಿದುಕೊಂಡಿತು. ಸೊಪ್ಪು ಹೊಲದಲ್ಲಿತ್ತು. ಜ್ವರ ಬಿಟ್ಟು ಎದ್ದಿದ್ದ ನಾನು ಮಾವನ ಎದುರು ಜಗಲಿಯಲ್ಲೇ ಕಾಫಿ ಹಿಡಿದು ಕೂತಿದ್ದೆ. ಗಾಡಿಯಲ್ಲಿ ಸೊಪ್ಪು ತರಲು ಹೊರಟಿದ್ದ ಮೈದುನ ಕಿಕ್ಕರಿನ ಮುಂದೆ ಒಂದು ಗಳಿಗೆ ನಿಂತು, ನನ್ನ ಕಡೆ ಬಂದ.

"ಅತ್ಗೆ, ಒಸಿ ತುಳುದ್ಕೊಡಿ," ಅಂದ.

ಹೊಡ್ಕೊಡಿ ಅನ್ನಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡು ಮೋಡ ನೋಡತೊಡಗಿದರು. ನಾನು ಕಾಫಿ ಕುಡಿದು ಮುಗಿಸಿಯೇ ಎದ್ದೆ.